ಇದು ನಾನು ಬೆಳೆದ ರೀತಿಯಾ, ಇಲ್ಲ ನನ್ನ ಬಗ್ಗೆ ನನಗೇ ಬೆಲೆ ಇಲ್ವಾ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ನಮ್ಮ ಕೆಲಸಕ್ಕೆ ನಾವೇ ಅಂಕ ಕೊಟ್ಟುಕೊಳ್ಳುವ ಫಾರ್ಮ್ ಬರುತ್ತದೆ. 1ರಿಂದ 5ರವರೆಗೆ. ನಾನು ಯಾವಾಗಲೂ 3 ಹಾಕುತ್ತೇನೆ. ಟೀಮಿನಲ್ಲಿ ಬೇರೆ ಬೇರೆ ದೇಶಗಳಿಂದ ಬಂದವರಿದ್ದಾರೆ. ಕೆಲವರು ಕಣ್ಣು ಮುಚ್ಚಿಕೊಂಡು 5 ಹಾಕುತ್ತಾರೆ, ಕೆಲಸ ಮಾತ್ರ ನನ್ನಷ್ಟೇ. ಈ ಸಲ ಮ್ಯಾನೇಜರ್ ಕರೆದು, "ನಿಮಗೆ ಆತ್ಮಗೌರವದ ಸಮಸ್ಯೆ ಇರಬೇಕು, ಯಾರಾದರೂ ಕೌನ್ಸೆಲರ್‌ನ ನೋಡಿ" ಎಂದರು. ಆಗಿನಿಂದ ತಲೆ ಕೆಟ್ಟಿದೆ.

ನಾನು ಬೆಳೆದ ಮನೆಯಲ್ಲಿ ತನ್ನ ಬಗ್ಗೆ ತಾನೇ ದೊಡ್ಡದಾಗಿ ಹೇಳಿಕೊಳ್ಳುವುದು ನಾಚಿಕೆಗೇಡಿನ ವಿಷಯ. ಒಳ್ಳೆ ಅಂಕ ಬಂದರೂ "ಸರಿ, ಮುಂದಿನ ಸಲವೂ ಹೀಗೇ ಓದು" ಅಷ್ಟೇ. ಆದರೆ ಮನೆಯವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂತ ಒಂದು ದಿನವೂ ಅನಿಸಿಲ್ಲ. ಈಗಲೂ ನಿದ್ದೆ ಚೆನ್ನಾಗಿ ಬರುತ್ತದೆ, ಗೆಳತಿಯರಿದ್ದಾರೆ, ಕೆಲಸ ಇಷ್ಟ. ಹಾಗಾದರೆ ನನಗಿರುವುದು ಕಾಯಿಲೆಯಾ, ಸಂಸ್ಕಾರವಾ? ತನ್ನನ್ನು ತಾನು ಮೆಚ್ಚಿಕೊಳ್ಳದೆ ನೆಮ್ಮದಿಯಾಗಿ ಇರಲು ಆಗುವುದೇ ಇಲ್ವಾ?

ನೇರಮಾತು:
ಫಾರ್ಮ್‌ನಲ್ಲಿ 5 ಹಾಕಿ. ಮುಗೀತು. ಅದಕ್ಕೆ ಇಷ್ಟು ದೊಡ್ಡ ಪುರಾಣ ಯಾಕೆ?

ಪುಸ್ತಕಹುಳು:
@ನೇರಮಾತು, ಪುರಾಣ ಅಲ್ಲ, ಒಳ್ಳೆ ಪ್ರಶ್ನೆ.

ಸಂಜೆಗಾಳಿ ಅವರೇ, ಇದೇ ವಿಷಯದ ಮೇಲೆ ಮನಶ್ಶಾಸ್ತ್ರದವರು ಹಲವು ದಶಕಗಳಿಂದ ಜಗಳ ಆಡುತ್ತಿದ್ದಾರೆ. 1995ರಲ್ಲಿ ಎಡ್ ಡೀನರ್ ಮತ್ತು ಮರಿಸ್ಸಾ ಡೀನರ್ 31 ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು: ನಿಮ್ಮ ಬಗ್ಗೆ ನಿಮಗೆ ಎಷ್ಟು ತೃಪ್ತಿ? ನಿಮ್ಮ ಜೀವನದ ಬಗ್ಗೆ ಎಷ್ಟು ತೃಪ್ತಿ? ಒಟ್ಟಾರೆ ನೋಡಿದರೆ ಎರಡಕ್ಕೂ ನಂಟಿತ್ತು. ಆದರೆ ವ್ಯಕ್ತಿಯೇ ಮುಖ್ಯ ಎನ್ನುವ ಸಮಾಜಗಳಲ್ಲಿ ನಂಟು ಗಟ್ಟಿ, ಗುಂಪು ಮುಖ್ಯ ಎನ್ನುವ ಕಡೆ ಸಡಿಲ. ಅಂದರೆ ಒಂದು ಕಡೆ "ನಾನು ಚೆನ್ನಾಗಿದ್ದೇನೆ" ಅನ್ನುವುದೇ ಸುಖದ ದೊಡ್ಡ ಪಾಲು. ಇನ್ನೊಂದು ಕಡೆ ಸುಖಕ್ಕೆ ಬೇರೆ ದಾರಿಗಳೂ ಇವೆ.

ಆ ಬೇರೆ ದಾರಿ ಯಾವುದು ಅಂತ 1997ರಲ್ಲಿ ಕ್ವಾನ್, ಬಾಂಡ್ ಮತ್ತು ಸಿಂಗೆಲಿಸ್ ನೋಡಿದರು. ಹಾಂಗ್‌ಕಾಂಗ್ ಮತ್ತು ಅಮೆರಿಕದ ವಿದ್ಯಾರ್ಥಿಗಳ ಹೋಲಿಕೆ ಅದು. ಸಂಬಂಧಗಳು ಹೊಂದಿಕೊಂಡು ಹೋಗುತ್ತಿವೆಯಾ ಎನ್ನುವುದೂ ತೃಪ್ತಿಯನ್ನು ನಿರ್ಧರಿಸುತ್ತದೆ, ಅದರ ಪಾಲು ಹಾಂಗ್‌ಕಾಂಗ್‌ನಲ್ಲಿ ಜಾಸ್ತಿ. ನೀವು ಬರೆದದ್ದನ್ನು ಇನ್ನೊಮ್ಮೆ ಓದಿ. ಗೆಳತಿಯರು, ಮನೆ, ಪ್ರೀತಿ. ನಿಮ್ಮ ಲೆಕ್ಕ ಅಲ್ಲಿ ಸರಿಹೋಗುತ್ತಿದೆ.

ಕಲ್ಲುಬೆಂಚು:
ನಾನು ಒಪ್ಪಲ್ಲ. "ನಮ್ಮ ಸಂಸ್ಕೃತಿನೇ ಹಾಗೆ" ಅನ್ನುವುದು ಬಚ್ಚಿಟ್ಟುಕೊಳ್ಳಲು ಬಹಳ ಅನುಕೂಲದ ಜಾಗ.

ನನ್ನ ಅಕ್ಕನ ಕಥೆ ಹೇಳ್ತೀನಿ. ಊರೆಲ್ಲ "ಎಷ್ಟು ವಿನಯ, ಎಷ್ಟು ಒಳ್ಳೆ ಹುಡುಗಿ" ಅಂತಿದ್ದರು. ಮಾತಾಡುವ ಮೊದಲು ಕ್ಷಮೆ ಕೇಳುವಳು. ಅವಳು ಮಾಡಿದ ಕೆಲಸದ ಹೆಸರು ಬೇರೆಯವರು ತಗೊಂಡರೂ ನಗುವಳು. ಬಡ್ತಿಗೆ ಅರ್ಜಿಯನ್ನೇ ಹಾಕುತ್ತಿರಲಿಲ್ಲ, "ನನಗಿಂತ ಯೋಗ್ಯರಿದ್ದಾರೆ" ಅಂತ. ಒಂದು ದಿನ ಅವಳ ಡೈರಿ ಅಮ್ಮನ ಕೈಗೆ ಸಿಕ್ಕಿತು. ಪುಟಪುಟದಲ್ಲೂ ತನ್ನನ್ನು ತಾನೇ ಬೈದುಕೊಂಡಿದ್ದಳು. ಅದು ವಿನಯ ಅಲ್ಲ ಸ್ವಾಮಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದೇ ಅಪಾಯ. ಸಂಜೆಗಾಳಿ ಅವರ ಮ್ಯಾನೇಜರ್ ಹೇಳಿದ ರೀತಿ ಒರಟು, ನಿಜ. ಆದರೆ ಸುಮ್ನೆ ತಳ್ಳಿಹಾಕಬೇಡಿ.

ಸಂಜೆಗಾಳಿ:
@ಕಲ್ಲುಬೆಂಚು, ನಿಮ್ಮ ಅಕ್ಕ ಈಗ ಹೇಗಿದ್ದಾರೆ? ಓದಿ ಬೇಜಾರಾಯಿತು. ನಾನು ಹಾಗೆ ಬೈದುಕೊಳ್ಳುವುದಿಲ್ಲ. ತಪ್ಪಾದರೆ "ಇದನ್ನು ಸರಿ ಮಾಡಬೇಕು" ಅನಿಸುತ್ತದೆ, ಅಷ್ಟೇ.

ಕಲ್ಲುಬೆಂಚು:
ಈಗ ಪರವಾಗಿಲ್ಲ, ಕೇಳಿದ್ದಕ್ಕೆ ಥ್ಯಾಂಕ್ಸ್. ಥೆರಪಿಗೆ ಹೋದಳು, ಕೆಲಸವನ್ನೂ ಬದಲಾಯಿಸಿದಳು. ಯಾವುದು ಜಾಸ್ತಿ ಕೆಲಸ ಮಾಡಿತು ಅಂತ ಅವಳಿಗೇ ಗೊತ್ತಿಲ್ಲ.

ದೀಪದಕಂಬ:
ಮೇಲಿನ ಇಬ್ಬರ ಮಾತಿನಲ್ಲಿ ಒಂದು ಗೆರೆ ಎಳೆಯಬಹುದು. "ನಾನು ಇನ್ನೂ ಕಲಿಯಬೇಕು" ಬೇರೆ, "ನಾನು ಯಾವುದಕ್ಕೂ ಪ್ರಯೋಜನವಿಲ್ಲ" ಬೇರೆ. 2001ರಲ್ಲಿ ಸ್ಟೀವನ್ ಹೈನೆ ಮತ್ತು ಜೊತೆಯವರು ಇದನ್ನು ಪ್ರಯೋಗ ಮಾಡಿ ನೋಡಿದರು. ಜನರಿಗೆ ಒಂದು ಪರೀಕ್ಷೆ ಕೊಟ್ಟು, ಕೆಲವರಿಗೆ "ಗೆದ್ದಿರಿ", ಕೆಲವರಿಗೆ "ಸೋತಿರಿ" ಎಂದು ಹೇಳಿದರು. ಆಮೇಲೆ ಅದೇ ಥರದ ಕೆಲಸ ಮುಂದಿಟ್ಟರೆ, ಉತ್ತರ ಅಮೆರಿಕದವರಲ್ಲಿ ಗೆದ್ದವರು ಜಾಸ್ತಿ ಹೊತ್ತು ಕೂತರು. ಜಪಾನಿನವರಲ್ಲಿ ಸೋತವರು ಜಾಸ್ತಿ ಹೊತ್ತು ಕೂತರು. ತಪ್ಪು ಹುಡುಕಿಕೊಳ್ಳುವುದು ಅವರಿಗೆ ಮುಂದೆ ಹೋಗುವ ದಾರಿ. ಬೈದುಕೊಂಡು ಮೂಲೆ ಸೇರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ತರ್ಲೆತಮ್ಮ:
ನಾನು ಗೆದ್ದರೂ ಎದ್ದು ಹೋಗ್ತೀನಿ, ಸೋತರೂ ಎದ್ದು ಹೋಗ್ತೀನಿ. ನನ್ನದು ಯಾವ ಸಂಸ್ಕೃತಿ?

ನೇರಮಾತು:
@ತರ್ಲೆತಮ್ಮ, ಸೋಮಾರಿ ಸಂಸ್ಕೃತಿ. ಅದು ಎಲ್ಲಾ ದೇಶದಲ್ಲೂ ಇದೆ.

ಮರುಪ್ರಶ್ನೆ:
ಪೂರ್ವದವರು ಹೀಗೆ, ಪಶ್ಚಿಮದವರು ಹಾಗೆ. ಈ ಎರಡು ಡಬ್ಬಿಯಲ್ಲಿ ಇಡೀ ಭೂಮಿಯನ್ನು ತುಂಬುವುದು ಯಾವಾಗ ನಿಲ್ಲುತ್ತದೆ? ಈ ಅಧ್ಯಯನಗಳಲ್ಲಿ ಇರುವವರು ಬಹುಪಾಲು ಕಾಲೇಜು ಹುಡುಗ ಹುಡುಗಿಯರು. ಇಪ್ಪತ್ತು ವರ್ಷದವರನ್ನು ಕೇಳಿ ನಾಗರಿಕತೆಗಳ ಬಗ್ಗೆ ತೀರ್ಪು ಕೊಡುವುದು! ಹೈನೆ ಅವರೇ 2010ರಲ್ಲಿ ಹೆನ್ರಿಕ್ ಮತ್ತು ನೊರೆನ್ಜಯಾನ್ ಜೊತೆ ಸೇರಿ ಇದರ ಬಗ್ಗೆ ಬರೆದಿದ್ದಾರೆ. ಶ್ರೀಮಂತ, ಓದಿದ, ಪಶ್ಚಿಮದ ಜನರನ್ನು ಮಾತ್ರ ನೋಡಿ ಎಲ್ಲ ಮನುಷ್ಯರ ಬಗ್ಗೆ ಹೇಳಬೇಡಿ ಅಂತ. ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಒಬ್ಬ 5 ಹಾಕುತ್ತಾನೆ, ಇನ್ನೊಬ್ಬ 2 ಹಾಕುತ್ತಾನೆ.

ಪುಸ್ತಕಹುಳು:
@ಮರುಪ್ರಶ್ನೆ, ಒಳ್ಳೆ ಪಾಯಿಂಟ್. ಮಾರ್ಕಸ್ ಮತ್ತು ಕಿತಾಯಾಮಾ 1991ರಲ್ಲಿ ಈ ಎರಡು ಬಗೆಯ "ನಾನು" (ಬೇರೆಯವರಿಂದ ಬಿಡಿಯಾಗಿ ನಿಲ್ಲುವ ನಾನು, ಬೇರೆಯವರ ಜೊತೆ ಹೆಣೆದುಕೊಂಡ ನಾನು) ಬಗ್ಗೆ ಬರೆದಾಗಿನಿಂದ ಎಲ್ಲರೂ ಅದನ್ನೇ ಹಿಡಿದುಕೊಂಡರು. ಎರಡೇ ಬಗೆ ಸಾಲದು, ಹಲವು ಬಗೆ ಇವೆ ಅಂತ ಆಮೇಲೆ ವಿನ್ಯೋಲ್ಸ್ ಮತ್ತು ಜೊತೆಯವರು ತೋರಿಸಿದರು. ಆದರೂ ಸರಾಸರಿಯಲ್ಲಿ ವ್ಯತ್ಯಾಸ ಇರುವುದು ಸುಳ್ಳಲ್ಲ. ಸರಾಸರಿ ಬೇರೆ, ನಿಮ್ಮ ತಮ್ಮ ಬೇರೆ.

ಹಸಿರುಪೆನ್:
ಜಪಾನಿನವರಿಗೆ ತಮ್ಮ ಬಗ್ಗೆ ಮೆಚ್ಚುಗೆ ಬೇಡವೇ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ, ಅದೂ ಪೂರ್ತಿ ನಿಜ ಅಲ್ಲ.

ಮಾರಿಸ್ ರೋಸೆನ್‌ಬರ್ಗ್ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ 1965ರಲ್ಲಿ ಆತ್ಮಗೌರವ ಅಳೆಯಲು 10 ಸಾಲಿನ ಒಂದು ಪ್ರಶ್ನಾವಳಿ ಮಾಡಿದರು. ಈಗಲೂ ಎಲ್ಲರೂ ಬಳಸುವುದು ಅದನ್ನೇ. ಐದು ಸಾಲು ಒಳ್ಳೆಯದನ್ನು ಹೇಳುತ್ತವೆ, ಐದು ಕೆಟ್ಟದ್ದನ್ನು. 2005ರಲ್ಲಿ ಶ್ಮಿಟ್ ಮತ್ತು ಅಲಿಕ್ ಅದನ್ನು 53 ದೇಶಗಳಲ್ಲಿ ನೋಡಿದರು. ಕೊನೆಯಲ್ಲಿದ್ದದ್ದು ಜಪಾನ್. ಆದರೂ ಅದರ ಸರಾಸರಿ ಅರ್ಧಕ್ಕಿಂತ ಮೇಲೇ ಇತ್ತು. ಎಲ್ಲಾ ದೇಶಗಳದ್ದೂ ಅರ್ಧಕ್ಕಿಂತ ಮೇಲೆ! ಇನ್ನೊಂದು ವಿಷಯ: ಆ ಐದು ಕೆಟ್ಟ ಸಾಲುಗಳಿಗೆ ಬೇರೆ ಬೇರೆ ದೇಶದವರು ಬೇರೆ ಬೇರೆ ಥರ ಉತ್ತರಿಸುತ್ತಾರೆ. "ಕೆಲವೊಮ್ಮೆ ನಾನು ಯಾವುದಕ್ಕೂ ಬಾರದವಳು ಅನಿಸುತ್ತದೆ" ಅನ್ನುವ ಸಾಲಿಗೆ ವಿನಯಕ್ಕೆ ತಲೆ ಆಡಿಸುವವರೂ ಇರಬಹುದಲ್ವಾ?

ಇನ್ನೂ ಒಂದು. 2007ರಲ್ಲಿ ಯಾಮಾಗುಚಿ ಮತ್ತು ಜೊತೆಯವರು ನೇರವಾಗಿ ಕೇಳದೆ, ಪದಗಳಿಗೆ ಎಷ್ಟು ಬೇಗ ಗುಂಡಿ ಒತ್ತುತ್ತಾರೆ ಅನ್ನುವುದರಿಂದ ಒಳಗಿನ ಭಾವನೆ ಅಳೆದರು. ಜಪಾನ್, ಚೀನಾ, ಅಮೆರಿಕ, ಮೂರೂ ಕಡೆ ಜನರಿಗೆ ತಮ್ಮ ಮೇಲೆ ಒಳಗೊಳಗೇ ಪ್ರೀತಿ ಇತ್ತು. ಫಾರ್ಮ್‌ನಲ್ಲಿ ಬರೆಯುವ ಅಂಕವೇ ಬೇರೆ, ಒಳಗಿರುವುದೇ ಬೇರೆ.

ನೇರಮಾತು:
ಗುಂಡಿ ಒತ್ತುವ ವೇಗದಲ್ಲಿ ಆತ್ಮಗೌರವ ಅಳೆಯುತ್ತಾರಂತೆ. ನಗಬೇಕೋ ಅಳಬೇಕೋ.

ಹಸಿರುಪೆನ್:
ಆ ವಿಧಾನದ ಮೇಲೆ ಟೀಕೆ ಇದೆ, ಒಪ್ಪುತ್ತೇನೆ. ಆದರೆ ಬಾಯಿಬಿಟ್ಟು ಕೇಳಿದರೆ ಸಭ್ಯತೆ ಅಡ್ಡ ಬರುತ್ತದೆ. ನೀವಾದರೆ ಹೇಗೆ ಅಳೆಯುತ್ತಿದ್ದಿರಿ?

ನೇರಮಾತು:
ನಾನು ಅಳೆಯುತ್ತಲೇ ಇರಲಿಲ್ಲ. ಬೇರೆಯವರು ಏನೆಂದುಕೊಳ್ಳುತ್ತಾರೆ ಅಂತ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ಎಲ್ಲರೂ ಹಾಗಿದ್ದರೆ ಈ ಸಮಸ್ಯೆನೇ ಇರಲ್ಲ.

ದೀಪದಕಂಬ:
@ನೇರಮಾತು, ನಿಮ್ಮಂಥವರನ್ನೇ ಹುಡುಕಿ ಪರೀಕ್ಷೆ ಮಾಡಿದ್ದಾರೆ :) ಮಾರ್ಕ್ ಲಿಯರಿ ಎಂಬ ಮನಶ್ಶಾಸ್ತ್ರಜ್ಞರ ಪ್ರಕಾರ ಆತ್ಮಗೌರವ ಅಂದರೆ ಗಾಡಿಯ ಪೆಟ್ರೋಲ್ ಮುಳ್ಳಿನ ಥರ. ಸುತ್ತಲಿನವರು ನಮ್ಮನ್ನು ಎಷ್ಟು ಸೇರಿಸಿಕೊಂಡಿದ್ದಾರೆ ಅಂತ ಅದು ತೋರಿಸುತ್ತದೆ. 2003ರಲ್ಲಿ ಅವರ ತಂಡ, "ಬೇರೆಯವರ ಅಭಿಪ್ರಾಯದಿಂದ ನನಗೆ ಏನೂ ಆಗಲ್ಲ" ಅನ್ನುವವರನ್ನೂ "ಆಗುತ್ತದೆ" ಅನ್ನುವವರನ್ನೂ ಕೂರಿಸಿ ಒಪ್ಪಿಗೆ, ತಿರಸ್ಕಾರ ಎರಡನ್ನೂ ಕೊಟ್ಟು ನೋಡಿತು. ಇಬ್ಬರ ಮುಳ್ಳೂ ಒಂದೇ ಥರ ಏರಿತು, ಇಳಿಯಿತು.

ತರ್ಲೆತಮ್ಮ:
ನೇರಮಾತು ಅವರ ಟ್ಯಾಂಕ್ ಖಾಲಿ 😂

ನೇರಮಾತು:
ಒಬ್ಬರ ಲ್ಯಾಬಿನಲ್ಲಿ ಆಗಿದ್ದು ನನ್ನ ಜೀವನ ಅಲ್ಲ. ಮುಂದೆ ಹೋಗಿ.

ಒಂಟಿಸಾಲು:
ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುವವಳು. ಇವತ್ತು ಬರೆಯುತ್ತೇನೆ.

ನನಗೆ ನಲವತ್ತರ ಹತ್ತಿರ. ಮದುವೆ ಆಗಿಲ್ಲ, ಬೇಕು ಅಂತಲೂ ಅನಿಸಿಲ್ಲ. ನನ್ನ ದುಡಿಮೆ ಇದೆ, ಓದು ಇದೆ, ಸುತ್ತಾಟ ಇದೆ. ಒಬ್ಬಳೇ ಇರುವಾಗ ನನಗೆ ನನ್ನ ಮೇಲೆ ಯಾವ ಅನುಮಾನವೂ ಇಲ್ಲ. ನೆಂಟರ ಸಮಾರಂಭಕ್ಕೆ ಹೋಗಿ ಬಂದ ಮೇಲೆ ಮಾತ್ರ ಕೆಲವು ದಿನ ಸೋತವಳ ಹಾಗೆ ಅನಿಸುತ್ತದೆ. ಯಾರೂ ಕೆಟ್ಟದಾಗಿ ಮಾತಾಡುವುದಿಲ್ಲ. "ನಿನಗೇನಮ್ಮ, ಆರಾಮ" ಅಂತ ನಗುತ್ತಾರೆ. ಆ ನಗು ಸಾಕು. ನಾನು ನಂಬದ ಮೌಲ್ಯ ನನ್ನನ್ನು ಯಾಕೆ ಕುಗ್ಗಿಸಬೇಕು? ಈ ಪ್ರಶ್ನೆಗೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಹಸಿರುಪೆನ್:
@ಒಂಟಿಸಾಲು, ನಿಮ್ಮ ಪ್ರಶ್ನೆಯನ್ನೇ 20 ಸಾಂಸ್ಕೃತಿಕ ಗುಂಪುಗಳಲ್ಲಿ ಕೇಳಿದ ಒಂದು ಅಧ್ಯಯನ ಇದೆ. ಮಾಯಾ ಬೆಕರ್ ಮತ್ತು ಜೊತೆಯವರದ್ದು, 2014. ಹದಿಹರೆಯದವರು ತಮ್ಮ ಬೆಲೆಯನ್ನು ಯಾವುದರ ಮೇಲೆ ಕಟ್ಟಿಕೊಳ್ಳುತ್ತಾರೆ ಅಂತ. ತಮಗೆ ಸ್ವಂತವಾಗಿ ಮುಖ್ಯ ಅನಿಸಿದ್ದಕ್ಕಿಂತ, ಸುತ್ತಲಿನ ಸಮಾಜ ಮುಖ್ಯ ಅಂದುಕೊಂಡಿದ್ದರ ಮೇಲೆ ಕಟ್ಟಿಕೊಳ್ಳುವುದು ಕಂಡುಬಂತು. ಸ್ವಾತಂತ್ರ್ಯ ದೊಡ್ಡದು ಅನ್ನುವ ಕಡೆ ಜೀವನ ತನ್ನ ಕೈಯಲ್ಲಿದೆ ಅನ್ನುವುದರಿಂದ, ಕರ್ತವ್ಯ ದೊಡ್ಡದು ಅನ್ನುವ ಕಡೆ ಕರ್ತವ್ಯ ಮಾಡಿದೆ ಅನ್ನುವುದರಿಂದ. ಅಂದರೆ ನೀವು ದುರ್ಬಲರು ಅಂತ ಅಲ್ಲ. ಅಳತೆಗೋಲು ನಿಮ್ಮ ಕೈಯಲ್ಲಿ ಇಲ್ಲ, ಅಷ್ಟೇ.

ಒಂಟಿಸಾಲು:
ಓದಿ ಸಮಾಧಾನ ಆಯಿತೋ, ಸಿಟ್ಟು ಬಂತೋ ಗೊತ್ತಾಗುತ್ತಿಲ್ಲ.

ಮರುಪ್ರಶ್ನೆ:
ಸಿಟ್ಟೇ ಬರಲಿ. "ವಿನಯವಾಗಿರು" ಅಂತ ಯಾರು ಯಾರಿಗೆ ಹೇಳುತ್ತಾರೆ ಅಂತಲೂ ನೋಡಿ. ಮೇಲಿನವರು ಕೆಳಗಿನವರಿಗೆ, ಗಂಡಸರು ಹೆಂಗಸರಿಗೆ. ಬಾಸ್ ವಿನಯವಾಗಿರಲಿ ಅಂತ ಯಾರೂ ಕಾಯುವುದಿಲ್ಲ.

ಪುಸ್ತಕಹುಳು:
ಹೆಂಗಸರ ವಿಷಯಕ್ಕೆ ಒಂದು ಸಂಗತಿ ಸೇರಿಸುತ್ತೇನೆ, ಯೋಚಿಸಿ. 2016ರಲ್ಲಿ ವೀಬ್ಕೆ ಬ್ಲೈಡೋರ್ನ್ ಮತ್ತು ಜೊತೆಯವರು 48 ದೇಶಗಳ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ಉತ್ತರ ನೋಡಿದರು. ಎಲ್ಲ ಕಡೆ ಗಂಡಸರ ಆತ್ಮಗೌರವ ಹೆಂಗಸರಿಗಿಂತ ಸ್ವಲ್ಪ ಜಾಸ್ತಿ. ಆದರೆ ಶ್ರೀಮಂತ, ಸಮಾನತೆ ಹೆಚ್ಚಿರುವ ದೇಶಗಳಲ್ಲೇ ಅಂತರ ದೊಡ್ಡದು! ನಾವು ಅಂದುಕೊಳ್ಳುವುದಕ್ಕೆ ತಿರುಗುಮುರುಗು. ಸಮಾನತೆ ಇರುವ ಕಡೆ ಹೆಂಗಸರು ತಮ್ಮನ್ನು ಗಂಡಸರ ಜೊತೆ ಹೋಲಿಸಿಕೊಳ್ಳುತ್ತಾರೆ, ಇಲ್ಲದ ಕಡೆ ಬೇರೆ ಹೆಂಗಸರ ಜೊತೆ ಎನ್ನುವುದು ಒಂದು ವಿವರಣೆ.

ಮರುಪ್ರಶ್ನೆ:
ಅದು ಇಂಟರ್ನೆಟ್‌ನಲ್ಲಿ ತಾವಾಗೇ ಬಂದು ಉತ್ತರ ಕೊಟ್ಟವರ ಲೆಕ್ಕ. ಎಲ್ಲಾ ದೇಶದ ಎಲ್ಲಾ ಹೆಂಗಸರಿಗೂ ಇಂಟರ್ನೆಟ್ ಸಿಗುತ್ತಾ? ಯಾರು ಮನೆಯಲ್ಲಿ ಮೊಬೈಲ್ ಮುಟ್ಟುವ ಹಾಗಿಲ್ಲವೋ ಅವಳು ಆ ಒಂಬತ್ತು ಲಕ್ಷದಲ್ಲಿ ಇಲ್ಲ.

ಎರಡುಮಕ್ಕಳತಾಯಿ:
ವಿಷಯ ಸ್ವಲ್ಪ ಬದಲಾಯಿಸ್ತೀನಿ, ಬೈಬೇಡಿ. ಮಕ್ಕಳನ್ನು ಹೊಗಳಬೇಕಾ, ಬೇಡ್ವಾ? ನಮ್ಮ ಕಾಲದಲ್ಲಿ ಹೊಗಳುತ್ತಿರಲಿಲ್ಲ. ಈಗ ಮಗಳು ಒಂದು ಗೆರೆ ಎಳೆದರೂ "ಅದ್ಭುತ!" ಅನ್ನಬೇಕಂತೆ, ಇಲ್ಲದಿದ್ದರೆ ಆತ್ಮಗೌರವ ಬೆಳೆಯಲ್ವಂತೆ. ಚಿಕ್ಕವಳು ಮೊದಲೇ ಪುಕ್ಕಲಿ. ನಾನು ಹೊಗಳಿದಷ್ಟೂ ಇನ್ನೂ ಮುದುಡಿಕೊಳ್ಳುತ್ತಾಳೆ.

ದೀಪದಕಂಬ:
@ಎರಡುಮಕ್ಕಳತಾಯಿ, ಬೈಯೋದು ಎಲ್ಲಿ, ನಿಮ್ಮ ಗಮನ ಸರಿಯಾಗಿಯೇ ಇದೆ. ಎಡ್ಡಿ ಬ್ರುಮೆಲ್ಮನ್ ಮತ್ತು ಜೊತೆಯವರು 2014ರಲ್ಲಿ ಮಕ್ಕಳಿಗೆ ವ್ಯಾನ್ ಗಾಗ್‌ನ ಒಂದು ಚಿತ್ರ ನೋಡಿ ಬರೆಯಲು ಹೇಳಿದರು. ಆಮೇಲೆ ಒಬ್ಬ ಚಿತ್ರಕಾರ ಬರೆದ ಚೀಟಿ ಎಂದು ಹೇಳಿ ಕೆಲವರಿಗೆ "ತುಂಬಾ ತುಂಬಾ ಸುಂದರ" ಎನ್ನುವಂಥದ್ದು, ಕೆಲವರಿಗೆ ಬರೀ "ಸುಂದರ" ಎನ್ನುವಂಥದ್ದು ಕೊಟ್ಟರು. ಮೊದಲೇ ತಮ್ಮ ಬಗ್ಗೆ ಕೀಳಾಗಿ ನೋಡಿಕೊಳ್ಳುತ್ತಿದ್ದ ಮಕ್ಕಳು ಅತಿ ಹೊಗಳಿಕೆ ಸಿಕ್ಕ ಮೇಲೆ ಸುಲಭದ ಚಿತ್ರಗಳನ್ನೇ ಆರಿಸಿಕೊಂಡವು. ಮುಂದಿನ ಸಲವೂ ಅಷ್ಟೇ ಚೆನ್ನಾಗಿ ಬರೆಯಬೇಕಲ್ಲ ಅನ್ನುವ ಭಯ ಇರಬೇಕು. ದೊಡ್ಡವರು ಅತಿ ಹೊಗಳುವುದೂ ಇಂಥ ಮಕ್ಕಳನ್ನೇ. ಬರೀ "ಚೆನ್ನಾಗಿದೆ" ಅನ್ನಿ. ಪಕ್ಕದಲ್ಲಿ ಕೂತು "ಈ ಬಣ್ಣ ಯಾಕೆ ಹಾಕಿದೆ?" ಅಂತ ಕೇಳಿ.

ಎರಡುಮಕ್ಕಳತಾಯಿ:
"ಯಾಕೆ ಹಾಕಿದೆ" ಅಂದ್ರೆ "ಬೇರೆ ಬಣ್ಣ ಅಕ್ಕ ಕೊಡಲ್ಲ" ಅಂತಾಳೆ. ಅಲ್ಲಿಂದ ಜಗಳ ಶುರು.

ಕಲ್ಲುಬೆಂಚು:
ಹೊಗಳಿಕೆ ವಿಷಯ ಬಂತಲ್ಲ, ಕ್ಯಾಲಿಫೋರ್ನಿಯಾ ಕಥೆ ಯಾರೂ ಹೇಳಲಿಲ್ಲ. ಅಲ್ಲಿನ ಶಾಸಕ ಜಾನ್ ವಾಸ್ಕಾನ್ಸೆಲೋಸ್ 1986ರಲ್ಲಿ ಆತ್ಮಗೌರವಕ್ಕೇ ಒಂದು ಸರ್ಕಾರಿ ಕಾರ್ಯಪಡೆ ಮಾಡಿಸಿದರು. ಜನರ ಆತ್ಮಗೌರವ ಏರಿಸಿದರೆ ಅಪರಾಧ, ಮಾದಕವ್ಯಸನ, ಶಾಲೆಯ ಸೋಲು ಎಲ್ಲಾ ಇಳಿಯುತ್ತದೆ ಎಂಬ ಆಸೆ. 1990ರಲ್ಲಿ ವರದಿ ಬಂತು, ಶಾಲೆಶಾಲೆಗಳಲ್ಲಿ ಅದೇ ಮಂತ್ರ. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸೇರಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಆತ್ಮಗೌರವ ಏರಿಸಿದ ಮಾತ್ರಕ್ಕೆ ಅಂಕ ಏರುವುದಿಲ್ಲ. ಬಹಳ ಸಲ ಅಂಕ ಬಂದ ಮೇಲೆ ಆತ್ಮಗೌರವ ಬರುತ್ತದೆ.

ಪುಸ್ತಕಹುಳು:
ಅರ್ಧ ಕಥೆ ಹೇಳಿದಿರಿ. ಅದೇ ವಿಮರ್ಶೆಯಲ್ಲಿ ಆತ್ಮಗೌರವಕ್ಕೂ ಸಂತೋಷಕ್ಕೂ ಬಲವಾದ ನಂಟು ಇದೆ ಅಂತಲೂ ಇದೆ. ಆಮೇಲೆ 2013ರಲ್ಲಿ ಸೊವಿಸ್ಲೊ ಮತ್ತು ಓರ್ತ್ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ಒಟ್ಟು ಹಾಕಿದರು. ಖಿನ್ನತೆಯಿಂದ ಆತ್ಮಗೌರವ ಕುಸಿಯುವುದಕ್ಕಿಂತ, ಕಡಿಮೆ ಆತ್ಮಗೌರವದಿಂದ ಮುಂದೆ ಖಿನ್ನತೆ ಬರುವ ದಾರಿ ಗಟ್ಟಿಯಾಗಿತ್ತು. ಅಂಕಕ್ಕೆ ಬರದಿದ್ದರೂ ಬದುಕಿಗೆ ಬರುತ್ತದೆ.

ಹೊಸಬ:
ನಾನು ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು "ನಾನು ಪ್ರೀತಿಗೆ ಅರ್ಹ, ನಾನು ಶ್ರೇಷ್ಠ" ಅಂತ ಹೇಳಿಕೊಳ್ಳುತ್ತೇನೆ. ಸೂಪರ್ ಕೆಲಸ ಮಾಡುತ್ತದೆ. ಎಲ್ಲರೂ ಮಾಡಿ.

ಹಸಿರುಪೆನ್:
@ಹೊಸಬ, ನಿಮಗೆ ಕೆಲಸ ಮಾಡುತ್ತಿದ್ದರೆ ಬಹುಶಃ ನಿಮ್ಮ ಆತ್ಮಗೌರವ ಮೊದಲೇ ಚೆನ್ನಾಗಿತ್ತು. ಜೋಆನ್ ವುಡ್ ಮತ್ತು ಜೊತೆಯವರು 2009ರಲ್ಲಿ ಇದನ್ನೇ ಮಾಡಿಸಿದರು. ಆತ್ಮಗೌರವ ಕಡಿಮೆ ಇದ್ದವರು ಇಂಥ ಸಾಲು ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದರು. ಬಾಯಿ "ಶ್ರೇಷ್ಠ" ಅನ್ನುವಾಗ ಮನಸ್ಸು "ಸುಳ್ಳು" ಅನ್ನುತ್ತಿರುತ್ತದೆ. ಯಾರಿಗೆ ಇದರ ಪ್ರಯೋಜನ ಬೇಕಿತ್ತೋ ಅವರಿಗೇ ಏಟು.

ಇಳಿಜಾರು:
ನನ್ನದು ಬೇರೆ ಅನುಭವ. ನನ್ನ ಬೆಲೆಯನ್ನೆಲ್ಲ ಕೆಲಸದ ಮೇಲೆ ಇಟ್ಟಿದ್ದೆ. ಕಂಪನಿಯವರು ನಮ್ಮ ವಿಭಾಗವನ್ನೇ ಮುಚ್ಚಿದರು. ಹಣಕ್ಕೆ ತೊಂದರೆ ಇರಲಿಲ್ಲ, ಮನೆಯವರು ಒಂದು ಮಾತೂ ಆಡಲಿಲ್ಲ. ಆದರೂ ಗಡ್ಡ ಬಿಟ್ಟುಕೊಂಡು, ಯಾರ ಫೋನೂ ಎತ್ತದೆ ಕೂತಿದ್ದೆ. ಜೆನಿಫರ್ ಕ್ರಾಕರ್ ಅಂತ ಒಬ್ಬರು, ಜನ ತಮ್ಮ ಬೆಲೆಯನ್ನು ಯಾವುದರ ಮೇಲೆ ಪಣ ಇಡುತ್ತಾರೆ ಅಂತ ಪಟ್ಟಿ ಮಾಡಿದ್ದಾರೆ: ಓದು, ರೂಪ, ಜನರ ಮೆಚ್ಚುಗೆ, ಸ್ಪರ್ಧೆ, ಮನೆಯವರ ಪ್ರೀತಿ, ನಡತೆ, ದೇವರ ಪ್ರೀತಿ. ಓದಿದಾಗ ಅನಿಸಿತು, ಮನೆಯವರ ಪ್ರೀತಿ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಪಕ್ಕದಲ್ಲೇ ಇತ್ತು, ಲೆಕ್ಕಕ್ಕೆ ತಗೊಂಡಿರಲಿಲ್ಲ. ಎಷ್ಟು ಆತ್ಮಗೌರವ ಇದೆ ಅನ್ನುವುದಕ್ಕಿಂತ ಯಾವುದಕ್ಕೆ ಕಟ್ಟಿದ್ದೀರಿ ಅಂತ ನೋಡಿ.

ಕಲ್ಲುಬೆಂಚು:
@ಇಳಿಜಾರು, ಈಗ?

ಇಳಿಜಾರು:
ಗಡ್ಡ ತೆಗೆದೆ. ಹೊಸ ಕೆಲಸ ಇದೆ. ಹಳೇ ಚಾಳಿ ಪೂರ್ತಿ ಹೋಗಿಲ್ಲ.

ದೀಪದಕಂಬ:
ಕ್ರಿಸ್ಟಿನ್ ನೆಫ್ 2003ರಿಂದ ಹೇಳುತ್ತಿರುವ ಇನ್ನೊಂದು ದಾರಿಯೂ ಇದೆ. ನಿನಗೆ ನೀನೇ ಅಂಕ ಕೊಡುವುದನ್ನು ಬಿಟ್ಟು, ಸೋತ ಗೆಳೆಯನ ಜೊತೆ ಹೇಗೆ ಮಾತಾಡುತ್ತೀಯೋ ಹಾಗೆ ನಿನ್ನ ಜೊತೆ ಮಾತಾಡು ಅಂತ. ಕಲ್ಲುಬೆಂಚು ಅವರ ಅಕ್ಕನಂಥವರಿಗೆ ಕನ್ನಡಿ ಮಂತ್ರಕ್ಕಿಂತ ಇದು ವಾಸಿ.

ನೇರಮಾತು:
ಹತ್ತು ವರ್ಷಕ್ಕೊಂದು ಹೊಸ ಅಂಗಡಿ ತೆರೀತಾರೆ.

ಸಂಜೆಗಾಳಿ:
ಎಲ್ಲರ ಉತ್ತರ ಓದಿದೆ, ಥ್ಯಾಂಕ್ಸ್. ಮ್ಯಾನೇಜರ್ ಜೊತೆ ಇನ್ನೊಮ್ಮೆ ಮಾತಾಡಿದೆ. ನನಗೆ ನಾನೇ ಅಂಕ ಕೊಡಲು ಮುಜುಗರ, ಬದಲಿಗೆ ಮಾಡಿದ ಕೆಲಸ, ಅದರಿಂದ ಏನಾಯಿತು ಅಂತ ಬರೆದುಕೊಡುತ್ತೇನೆ, ಅಂಕ ನೀವೇ ಹಾಕಿ ಎಂದೆ. ಸ್ವಲ್ಪ ಹೊತ್ತು ನೋಡಿ, ಆಗಲಿ ಅಂದರು. ಮುಂದಿನ ವರ್ಷದಿಂದ ಟೀಮಿನ ಎಲ್ಲರಿಗೂ ಹಾಗೇ ಮಾಡುವ ಯೋಚನೆ ಇದೆಯಂತೆ. 5 ಹಾಕುವವರಿಗೆ ಇನ್ನೂ ಗೊತ್ತಿಲ್ಲ.

ಕೌನ್ಸೆಲರ್ ಹತ್ತಿರ ಸದ್ಯಕ್ಕೆ ಹೋಗುತ್ತಿಲ್ಲ. ಕಲ್ಲುಬೆಂಚು ಅವರು ಹೇಳಿದ ಥರ ಬೈದುಕೊಳ್ಳುವುದು ಶುರುವಾದರೆ ಹೋಗುತ್ತೇನೆ.

ನೇರಮಾತು:
ಅದಕ್ಕೇ ಹೇಳಿದ್ದು, 5 ಹಾಕಿ ಅಂತ. ಈಗ ನೋಡಿ, ಎಲ್ಲರಿಗೂ ಉದ್ದುದ್ದ ಬರೆಯುವ ಕೆಲಸ ಹಚ್ಚಿದಿರಿ.

ಹೊಸಬ:
ವಯಸ್ಸಾದ ಹಾಗೆ ಇದೆಲ್ಲ ತಾನಾಗೇ ಸರಿ ಹೋಗುತ್ತಾ?

ಪುಸ್ತಕಹುಳು:
ಸುಮಾರಿಗೆ ಹೌದು. ಓರ್ತ್ ಮತ್ತು ಜೊತೆಯವರು 2018ರಲ್ಲಿ ಮುನ್ನೂರಕ್ಕೂ ಹೆಚ್ಚು ಗುಂಪುಗಳ ಮಾಹಿತಿ ಒಟ್ಟು ಹಾಕಿದರು. ಹದಿಹರೆಯದ ನಂತರ 30ರವರೆಗೆ ಜೋರಾಗಿ ಏರುತ್ತದೆ, ಆಮೇಲೆ ನಿಧಾನವಾಗಿ 60ರವರೆಗೆ. 70ರವರೆಗೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಮೆಲ್ಲಗೆ ಇಳಿತ.

ಎರಡುಮಕ್ಕಳತಾಯಿ:
ನಮ್ಮ ಮಾವನವರಿಗೆ 66. ಟಿವಿ ರಿಮೋಟ್ ಯಾಕೆ ಯಾರಿಗೂ ಕೊಡಲ್ಲ ಅಂತ ಈಗ ಗೊತ್ತಾಯ್ತು.

ತರ್ಲೆತಮ್ಮ:
ಇನ್ನು ನಾಲ್ಕು ವರ್ಷ ತಡ್ಕೊಳ್ಳಿ ಮೇಡಂ.